ಒಂಬತ್ತು ಕೆಜಿ ಕಾಟ್ಲಾ ಮೀನಿನ ಅಚ್ಚು ತೆಗೆಯಬೇಕು, ಮಾಡಿ ನೋಡಿದವರು ಹೇಳಿ

ಹೊಸನಗರದಿಂದ, ಕೇಳಿದ್ದು:

ಮೇ ಕೊನೆಯಲ್ಲಿ ಲಿಂಗನಮಕ್ಕಿ ಹಿನ್ನೀರಲ್ಲಿ ನಮ್ಮ ಚಿಕ್ಕಪ್ಪನ ಗಾಳಕ್ಕೆ ಒಂಬತ್ತು ಕೆಜಿ ಕಾಟ್ಲಾ ಬಿತ್ತು. ಮೂವತ್ತು ವರ್ಷದಿಂದ ಗಾಳ ಹಾಕ್ತಿದ್ದಾರೆ, ಇಷ್ಟು ದೊಡ್ಡದು ಇದೇ ಮೊದಲು. ಸಾರು ಮಾಡೋಕೆ ಬಿಡಲಿಲ್ಲ. ಮೀನು ಈಗ ಪೇಟೆಯ ಐಸ್‌ಕ್ರೀಮ್ ಅಂಗಡಿಯ ಫ್ರೀಜರಲ್ಲಿ ಮಲಗಿದೆ, ಅಂಗಡಿಯವರು ದಿನಾ ಫೋನ್ ಮಾಡ್ತಾರೆ. ಅದರದ್ದೇ ಅಚ್ಚು ತೆಗೆದು, ಫೈಬರ್‌ನಲ್ಲಿ ಎರಕ ಮಾಡಿ ಜಗಲಿ ಗೋಡೆಗೆ ಹಾಕಬೇಕು ಅಂತ ಚಿಕ್ಕಪ್ಪನ ಆಸೆ. ಅಚ್ಚಿಗೆ ಪ್ಲಾಸ್ಟರ್ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸಾಕಾ, ರಬ್ಬರಿನ ಹಾಗೆ ಬಗ್ಗುವ ಸಿಲಿಕೋನ್ ಬೇಕಾ? ಈ ಮಳೆಯಲ್ಲಿ ಆಗೋ ಕೆಲಸವಾ?

ಸಾಗರದಿಂದ:

ಗೋಡೆಗೆ ತಾನೆ? ಹಾಗಾದರೆ ಒಂದೇ ಮಗ್ಗುಲು, ಒಂದೇ ಪ್ರತಿ. ಪ್ಲಾಸ್ಟರ್ ಸಾಕು ಮಾರಾಯ್ರೆ, ಸಿಲಿಕೋನಿಗೆ ದುಡ್ಡು ಸುರಿಯಬೇಡಿ. ಹತ್ತು ಪ್ರತಿ ಬೇಕಿದ್ದರೆ ಆ ಮಾತು ಬೇರೆ.

ನಾನು ಮೂರು ಮೀನು ಮಾಡಿದ್ದೇನೆ, ಮೊದಲನೆಯದು ಹಾಳಾಯ್ತು. ಪ್ಲಾಸ್ಟರ್ ತಪ್ಪಲ್ಲ, ಲೋಳೆ ತೊಳೆಯದೇ ಇದ್ದದ್ದು ತಪ್ಪು. ಅಚ್ಚು ಬಿಡಿಸಿ ನೋಡಿದರೆ ಹುರುಪೆ ಇರಬೇಕಾದ ಜಾಗದಲ್ಲಿ ಗಂಜಿ ಸವರಿದ ಹಾಗೆ ನುಣ್ಣಗೆ ಇತ್ತು. ಪಟಿಕ ತನ್ನಿ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ ಕಲ್ಲು. ಪುಡಿ ಮಾಡಿ ಒಂದು ಬಕೆಟ್ ನೀರಿಗೆ ಎರಡು ಹಿಡಿ ಹಾಕಿ, ಮೆತ್ತನೆ ಬಟ್ಟೆಯಲ್ಲಿ ತಲೆಯಿಂದ ಬಾಲದ ಕಡೆಗೆ ಮಾತ್ರ ಒರೆಸಿ. ಎದುರಾಗಿ ಉಜ್ಜಿದರೆ ಹುರುಪೆ ಎದ್ದು ಬರುತ್ತೆ. ಲೋಳೆ ಬಿಳಿಯಾಗಿ ಮುದ್ದೆ ಕಟ್ಟಿ ಬರೋದು ಕಾಣುತ್ತೆ. ಎರಡು ಮೂರು ಸಲ ಮಾಡಿ, ಕೊನೆಗೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಪಟಿಕ ಉಳಿದರೆ ಪ್ಲಾಸ್ಟರ್ ನಿಮ್ಮ ಕೈ ಓಡೋದಕ್ಕಿಂತ ಮೊದಲೇ ಗಟ್ಟಿಯಾಗಿಬಿಡುತ್ತೆ.

ಆಮೇಲೆ ಬಾಯಿ, ಕಿವಿರಿನ ಸಂದು, ಎಲ್ಲಾ ಕಡೆ ಜೇಡಿಮಣ್ಣು ತುಂಬಿ. ಪ್ಲಾಸ್ಟರ್ ಒಳಗೆ ಹರಿದು ಕಚ್ಚಿಕೊಂಡರೆ ತಲೆಯೇ ಕಿತ್ತು ಬರುತ್ತೆ. ಹಲಗೆ ಮೇಲೆ ಒದ್ದೆ ಮರಳು ಹರಡಿ, ಮೀನನ್ನು ಅರ್ಧಕ್ಕೆ ಹೂತು, ಕಾಣುವ ಮಗ್ಗುಲು ಮೇಲೆ ಬರೋ ಹಾಗೆ ಮಲಗಿಸಿ. ರೆಕ್ಕೆ ಜೋತು ಬೀಳುತ್ತೆ, ಅದಕ್ಕೆ ಅಡಿಯಲ್ಲಿ ಮಣ್ಣಿನ ಮೆಟ್ಟಿಲು ಕಟ್ಟಿ ಅದರ ಮೇಲೆ ಬಿಡಿಸಿ ಹರಡಬೇಕು. ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಬಾಲದ ರೆಕ್ಕೆ ಮುದುಡಿದರೆ ಗೋಡೆ ಮೇಲೆ ಸತ್ತ ಮೀನು ನೇತುಹಾಕಿದ ಹಾಗೆ ಕಾಣುತ್ತೆ.

ಪ್ಲಾಸ್ಟರಿಗೆ ನೀರು ಹಾಕಬೇಡಿ, ನೀರಿಗೆ ಪ್ಲಾಸ್ಟರ್ ಉದುರಿಸಿ. ಹತ್ತು ಕೆಜಿಗೆ ಸುಮಾರು ಏಳು ಲೀಟರ್. ಮೇಲೆ ದ್ವೀಪದ ಹಾಗೆ ಎದ್ದು ನಿಂತಾಗ ನಿಲ್ಲಿಸಿ, ಎರಡು ನಿಮಿಷ ನೆನೆಯೋಕೆ ಬಿಟ್ಟು, ಗಾಳಿ ಸೇರದ ಹಾಗೆ ನಿಧಾನಕ್ಕೆ ಕಲಸಿ. ಮೊದಲ ಪದರ ತೆಳ್ಳಗೆ, ಮೆತ್ತನೆ ಬ್ರಷ್‌ನಲ್ಲಿ. ಆಮೇಲೆ ಗೋಣಿಚೀಲದ ಪಟ್ಟಿಗಳನ್ನು ಪ್ಲಾಸ್ಟರಲ್ಲಿ ಅದ್ದಿ ಹೊದೆಸಿ, ನಮ್ಮಲ್ಲಿ ಗಣಪತಿ ಮಾಡೋರು ತೆಂಗಿನ ನಾರು ಹಾಕ್ತಾರೆ, ಅದೂ ನಡೆಯುತ್ತೆ. ಬಿಸಿಯಾಗಿ ಮತ್ತೆ ತಣ್ಣಗಾದ ಮೇಲೆ ತಿರುಗಿಸಿ ಮೀನು ಎಬ್ಬಿಸಿ.

ಕೊಪ್ಪದಿಂದ:

ನನ್ನದು ಮಾಡಬಾರದ್ದರ ಅನುಭವ. ಪಕ್ಕದ ತೋಟದಲ್ಲಿ ರಬ್ಬರ್ ಹಾಲು ಪುಕ್ಕಟೆ ಸಿಗುತ್ತೆ, ಪದರ ಪದರ ಬಳಿದರೆ ಬಗ್ಗುವ ಅಚ್ಚು ಆಗುತ್ತೆ ಅಂತ ಲೆಕ್ಕ ಹಾಕಿದೆ. ಹನ್ನೆರಡು ಪದರ, ಮೂರು ದಿನ. ಮರದಿಂದ ಇಳಿಸಿದ ಹಸಿ ಹಾಲು ಒಣಗಿದರೂ ಅಂಟಂಟು, ಎಳೆದರೆ ಹಾಗೇ ಹಿಗ್ಗಿ ನಿಲ್ಲುತ್ತೆ. ಅಚ್ಚಿಗೆ ಅಂತ ಗಂಧಕ ಸೇರಿಸಿ ಹದ ಮಾಡಿದ ಲ್ಯಾಟೆಕ್ಸ್ ಬೇರೆಯೇ ಬರುತ್ತೆ. ಮೂರನೇ ದಿನ ಮೀನಿನ ವಾಸನೆಗೆ ಅತ್ತಿಗೆ ತವರಿಗೆ ಹೋದರು, ನಿಜವಾಗಿ.

ತೀರ್ಥಹಳ್ಳಿಯಿಂದ:

ಸಾಗರದವರು ಹೇಳಿದ್ದು ಸರಿ, ಆದರೆ ಮೀನು ಪೂರ್ತಿ ಕರಗಿದ ಮೇಲೆ ಮೆತ್ತಗಾಗಿ ಹೊಟ್ಟೆ ಚಪ್ಪಟೆ ಆಗುತ್ತೆ. ನಾನು ಹೊರಮೈ ಕರಗಿ ಒಳಗೆ ಗಟ್ಟಿ ಇರುವಾಗಲೇ ಪ್ಲಾಸ್ಟರ್ ಹಾಕೋದು. ಮೇಲೆ ಹಿಮದ ಪುಡಿಯಾಗಲಿ ಬೆವರಿದ ನೀರಾಗಲಿ ಇರಬಾರದು, ಒರೆಸಿಕೊಳ್ಳಬೇಕು.

ಬಣ್ಣದ ವಿಷಯ: ಹಿಡಿದ ದಿನ ಫೋಟೊ ತೆಗೆದಿದ್ದರೆ ಹುಡುಕಿ ಇಡಿ, ಸತ್ತ ಮೀನಿನ ಬಣ್ಣ ಬೇಗ ಮಾಸುತ್ತೆ. ಕಾಟ್ಲಾ ಬೆನ್ನು ಬೂದು, ಮಗ್ಗುಲು ಬೆಳ್ಳಿ, ಹೊಟ್ಟೆ ಬಿಳಿ. ಅದಕ್ಕೆ ಮೀಸೆ ಇಲ್ಲ! ನಮ್ಮೂರ ಪೇಂಟರ್ ಒಬ್ಬ ಶಾಲೆಯ ಮಾದರಿಗೆ ಚಂದ ಕಾಣಲಿ ಅಂತ ಎರಡು ಮೀಸೆ ಎಳೆದ, ಮೀನು ಹಿಡಿಯುವವರ ಮಕ್ಕಳೇ ನಕ್ಕರು. ಕಣ್ಣನ್ನು ಅಚ್ಚಿನಿಂದ ತೆಗೆಯೋಕೆ ಹೋಗಬೇಡಿ, ಗುಳಿ ಬೀಳುತ್ತೆ. ಅಗಲ ಅಳೆದು ಇಟ್ಟುಕೊಂಡು, ಕಪ್ಪು ಬೊಟ್ಟು ಬರೆದ ಬಿಲ್ಲೆ ಮೇಲೆ ಪಾರದರ್ಶಕ ರೆಸಿನ್ ಹನಿ ಬಿಟ್ಟು ಮಾಡಿ. ಬೆಳ್ಳಿ ಬಣ್ಣಕ್ಕೆ ಕಾರು ಪೇಂಟ್ ಮಾಡುವ ಗ್ಯಾರೇಜಿನವರ ಹತ್ತಿರ ಹೋಗಿ, ಸ್ಪ್ರೇಯಲ್ಲಿ ತೆಳ್ಳಗೆ ಹೊಡೆಸಿ.

ಚಿಬ್ಬಲಗುಡ್ಡೆ ದೇವಸ್ಥಾನದ ಮೀನಿನ ಹಾಗೆ ಒಂದು ಮಾಡಿಕೊಡಿ ಅಂತ ನನ್ನನ್ನು ಕೇಳಿದವರಿದ್ದಾರೆ. ಅಲ್ಲೂ ಶೃಂಗೇರಿಯಲ್ಲೂ ಹೊಳೆಯ ಮೀನು ದೇವರ ಮೀನು, ಮುಟ್ಟುವ ಹಾಗಿಲ್ಲ. ಅಂಥದ್ದಕ್ಕೆ ಫೋಟೊ ನೋಡಿ ಮಣ್ಣಿನಲ್ಲಿ ಕೆತ್ತೋದೊಂದೇ ದಾರಿ.

ಶಿವಮೊಗ್ಗದಿಂದ, ಫೈಬರ್ ಕೆಲಸದವರು:

ಅಚ್ಚು ತೆಗೆಯೋಕೆ ಮಳೆ ಅಡ್ಡಿಯಿಲ್ಲ, ಎರಕಕ್ಕೆ ಅಡ್ಡಿ. ಪ್ಲಾಸ್ಟರಲ್ಲಿ ಪಸೆ ಉಳಿದಿದ್ದರೆ ಫೈಬರ್ ಎರಕಕ್ಕೆ ಹಾಕುವ ಪಾಲಿಯೆಸ್ಟರ್ ರೆಸಿನ್ ಅಂಟಂಟಾಗೇ ಇರುತ್ತೆ. ಅಡಿಕೆ ಒಣಗಿಸೋ ಜಾಗ ಇದ್ದರೆ ಅಲ್ಲಿಡಿ, ಆದರೆ ಒಲೆಯಿಂದ ದೂರ. 45 ಡಿಗ್ರಿ ದಾಟಿದರೆ ಪ್ಲಾಸ್ಟರ್ ಮತ್ತೆ ಪುಡಿಯಾಗೋಕೆ ಶುರು. ದಿನಾ ತೂಕ ಹಾಕಿ, ಇಳಿಯೋದು ನಿಂತ ದಿನ ಒಣಗಿದೆ ಅಂತ ಲೆಕ್ಕ. ಆಮೇಲೆ ಎರಡು ಮೂರು ಕೋಟು ಅರಗಿನ ಪಾಲಿಶ್, ಅದರ ಮೇಲೆ ಮೇಣ, ಆಮೇಲೆ ಎರಕ ಅಚ್ಚಿಗೆ ಅಂಟದ ಹಾಗೆ ರಿಲೀಸ್ ದ್ರವ. ಮೊದಲು ಜೆಲ್‌ಕೋಟ್, ಅಂದರೆ ಎರಕದ ಹೊರಮೈ ಆಗುವ ದಪ್ಪ ರೆಸಿನ್ ಪದರ, ಅದು ಗಟ್ಟಿಯಾದ ಮೇಲೆ ರೆಸಿನ್ ಮತ್ತು ಫೈಬರ್ ಮ್ಯಾಟ್.

ಇದನ್ನು ಮಾತ್ರ ಎರಡು ಸಲ ಓದಿ. ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡ್ತಾರೆ, ಗಟ್ಟಿಯಾಗೋದನ್ನು ಚುರುಕು ಮಾಡುವ ನೇರಳೆ ಬಣ್ಣದ ಕೋಬಾಲ್ಟ್, ಗಟ್ಟಿ ಮಾಡುವ ನೀರಿನ ಹಾಗಿರುವ ಹಾರ್ಡ್‌ನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಯಾವತ್ತೂ ಸೇರಿಸಬೇಡಿ, ಸಿಡಿಯುತ್ತೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್, ಅದೂ ನೂರಕ್ಕೆ ಒಂದೆರಡು ಪಾಲು. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು, ಕಣ್ಣು ಪೂರ್ತಿ ಮುಚ್ಚುವ ಸುರಕ್ಷಾ ಕನ್ನಡಕ ಹಾಕದೆ ಮುಟ್ಟಬೇಡಿ. ಮಳೆ ಅಂತ ಬಾಗಿಲು ಹಾಕಿಕೊಂಡು ಮಾಡಬೇಡಿ, ಜಗಲಿಯಲ್ಲೇ ಮಾಡಿ.

ಎರಕ ಹೊರಬರುವಾಗ ಕಿವಿರು, ರೆಕ್ಕೆ ಕಡೆ ಸಿಕ್ಕಿಕೊಳ್ಳುತ್ತೆ. ಎಳೆಯಬೇಡಿ, ಸಣ್ಣ ಉಳಿಯಲ್ಲಿ ಅಚ್ಚನ್ನೇ ಒಡೆದು ತೆಗೆಯಿರಿ. ಹೇಗೂ ಒಂದೇ ಪ್ರತಿ ತಾನೆ. ಉಳಿದ ಪ್ಲಾಸ್ಟರ್ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ, ಪೈಪಲ್ಲೇ ಕಲ್ಲಾಗುತ್ತೆ.

ಹೊಸನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಪಟಿಕ, ಪ್ಲಾಸ್ಟರ್ ತಂದಾಯ್ತು, ಭಾನುವಾರ ಅಚ್ಚು. ಎರಕ ದೀಪಾವಳಿ ಕಳೆದ ಮೇಲೆ ಅಂತ ಚಿಕ್ಕಪ್ಪ ಒಪ್ಪಿದರು. ಚಿಕ್ಕಮ್ಮನದು ಒಂದೇ ಪ್ರಶ್ನೆ: ಅಚ್ಚು ತೆಗೆದ ಮೇಲೆ ಆ ಮೀನು ಸಾರಿಗೆ ಆಗುತ್ತಾ?

ಸಾಗರದಿಂದ:

ಆಗಲ್ಲ ಅಂತ ಹೇಳಿ. ಪ್ಲಾಸ್ಟರ್ ಬಿಸಿಯಲ್ಲಿ ಅರ್ಧ ಬೆಂದು, ಅರ್ಧ ದಿನ ಹೊರಗೆ ಬಿದ್ದ ಮೀನು ಅದು. ತೆಂಗಿನ ಬುಡಕ್ಕೆ ಹಾಕಿ, ನಾಯಿ ಕೆದರದಷ್ಟು ಆಳಕ್ಕೆ.