ಸಣ್ಣ ಟ್ರಸ್ಟ್‌ಗೆ ಸೈಬರ್ ಭದ್ರತೆ: ಎಲ್ಲಿಂದ ಶುರು ಮಾಡಬೇಕು, ಅಧ್ಯಕ್ಷರನ್ನು ಹೇಗೆ ಒಪ್ಪಿಸಬೇಕು?

ಕೊಪ್ಪಳದ_ಕಾರ್ಯಕರ್ತೆ:

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಟ್ರಸ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಮಕ್ಕಳಿಗೆ ಸಂಜೆ ಪಾಠ, ಮಹಿಳೆಯರ ಸ್ವಸಹಾಯ ಸಂಘಗಳು, ಇಷ್ಟೇ ನಮ್ಮ ಕೆಲಸ. ಈಚೆಗೆ ನಮ್ಮ ಅಕೌಂಟೆಂಟ್‌ಗೆ ಅಧ್ಯಕ್ಷರ ಹೆಸರಿನಲ್ಲಿ ಒಂದು ಇಮೇಲ್ ಬಂತು. "ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ಈ ಖಾತೆಗೆ ಕೂಡಲೇ ಹಣ ಹಾಕಿ" ಅಂತ. ಅವರಿಗೆ ಅನುಮಾನ ಬಂದು ಅಧ್ಯಕ್ಷರ ಮನೆಗೇ ಫೋನ್ ಮಾಡಿ ಕೇಳಿದರು. ಹಾಗಾಗಿ ದುಡ್ಡು ಉಳಿಯಿತು.

ಈಗ ಆಫೀಸಿನ ಸ್ಥಿತಿ ಹೇಳುತ್ತೇನೆ. ಎಲ್ಲರಿಗೂ ಸೇರಿ ಒಂದೇ ಜಿಮೇಲ್. ಅದರ ಪಾಸ್‌ವರ್ಡ್ ಕೆಲಸ ಬಿಟ್ಟು ಹೋದವರಿಗೂ ಗೊತ್ತು. ಬ್ಯಾಂಕಿನ ಓಟಿಪಿ ಅಧ್ಯಕ್ಷರ ಮೊಬೈಲಿಗೆ ಬರುತ್ತದೆ, ಅವರು ಫೋನಿನಲ್ಲೇ ಓದಿ ಹೇಳುತ್ತಾರೆ. ದಾನಿಗಳ ಪ್ಯಾನ್ ನಂಬರ್‌ಗಳು ಒಂದು ಎಕ್ಸೆಲ್ ಫೈಲಿನಲ್ಲಿವೆ. ಸಂಘದ ಮಹಿಳೆಯರ ಆಧಾರ್ ಫೋಟೋಗಳೆಲ್ಲ ವಾಟ್ಸಾಪ್ ಗ್ರೂಪಿನಲ್ಲೇ ಬಿದ್ದಿವೆ. ವೆಬ್‌ಸೈಟ್ ಮಾಡಿಕೊಟ್ಟ ಸ್ವಯಂಸೇವಕರು ಈಗ ಸಂಪರ್ಕದಲ್ಲಿಲ್ಲ.

ಅಧ್ಯಕ್ಷರು ಹಿರಿಯರು, ಒಳ್ಳೆಯವರು. ಆದರೆ "ನಮ್ಮಂಥ ಬಡ ಸಂಸ್ಥೆಯಲ್ಲಿ ಕದಿಯೋಕೆ ಏನಿದೆ ಅಮ್ಮಾ" ಅನ್ನುತ್ತಾರೆ. ಇದಕ್ಕೆ ಅಂತ ಬೇರೆ ದುಡ್ಡೂ ಇಲ್ಲ. ಮೊದಲು ಯಾವುದನ್ನು ಸರಿ ಮಾಡಬೇಕು? ಅವರಿಗೆ ಹೇಗೆ ಹೇಳಬೇಕು?

ಲೆಕ್ಕಪತ್ರ_ಬೆಳಗಾವಿ:

ಮೊದಲು ನಿಮ್ಮ ಅಕೌಂಟೆಂಟ್‌ಗೆ ಮುಂದಿನ ಮೀಟಿಂಗ್‌ನಲ್ಲಿ ಎಲ್ಲರೆದುರು ಅಭಿನಂದನೆ ಹೇಳಿ. ಫೋನ್ ಮಾಡಬೇಡಿ ಅಂತ ಬರೆದಿದ್ದರೂ ಫೋನ್ ಮಾಡಿದರಲ್ಲ, ಆ ಧೈರ್ಯ ಎಲ್ಲ ಆಫೀಸಿನಲ್ಲೂ ಇರುವುದಿಲ್ಲ. ದೊಡ್ಡವರ ಮಾತನ್ನು ಮರುಪ್ರಶ್ನೆ ಮಾಡಬಾರದು ಅನ್ನುವ ನಮ್ಮ ಅಭ್ಯಾಸವನ್ನೇ ಕಳ್ಳರು ಬಳಸಿಕೊಳ್ಳುತ್ತಾರೆ.

ಅಧ್ಯಕ್ಷರಿಗೆ ಮಕ್ಕಳಿಗಾಗಿ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಸೇವ್ ದ ಚಿಲ್ಡ್ರನ್‌ನ ಕಥೆ ಹೇಳಿ. 2017ರಲ್ಲಿ ಅದರ ಅಮೆರಿಕ ಶಾಖೆಯ ಒಬ್ಬ ನೌಕರರ ಇಮೇಲ್ ಖಾತೆಯೊಳಗೆ ಕಳ್ಳರು ಸೇರಿಕೊಂಡರು. ಪಾಕಿಸ್ತಾನದ ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಪ್ಯಾನೆಲ್ ಅಂತ ಸುಳ್ಳು ಬಿಲ್ ಕಳಿಸಿದರು. ಸುಮಾರು 10 ಲಕ್ಷ ಡಾಲರ್ ಜಪಾನಿನ ಒಂದು ಖಾತೆಗೆ ಹೋಯಿತು. ಆ ಸಂಸ್ಥೆ ಪಾಕಿಸ್ತಾನದಲ್ಲಿ ನಿಜವಾಗಿಯೂ ಕೆಲಸ ಮಾಡುತ್ತಿತ್ತು, ಅದಕ್ಕೇ ಬಿಲ್ ನಂಬುವಂತಿತ್ತು. ವಿಮೆ ಇದ್ದದ್ದರಿಂದ ಬಹುಪಾಲು ದುಡ್ಡು ವಾಪಸ್ ಬಂತು. ನಮ್ಮ ಸಣ್ಣ ಟ್ರಸ್ಟ್‌ಗಳಿಗೆ ಅಂಥ ವಿಮೆ ಎಲ್ಲಿದೆ?

ನನ್ನ ಪ್ರಕಾರ ಮೊದಲ ಕೆಲಸ ಬ್ಯಾಂಕಿನದ್ದು. ಎಷ್ಟೋ ಟ್ರಸ್ಟ್‌ಗಳಲ್ಲಿ ಚೆಕ್‌ಗೆ ಇಬ್ಬರ ಸಹಿ ಬೇಕು ಅಂತ ನಿಯಮ ಇರುತ್ತದೆ, ನೆಟ್ ಬ್ಯಾಂಕಿಂಗ್‌ನಲ್ಲಿ ಮಾತ್ರ ಒಂದೇ ಪಾಸ್‌ವರ್ಡ್, ಒಂದೇ ಓಟಿಪಿ. ಆಗ ಆ ಎರಡು ಸಹಿಗೆ ಏನು ಬೆಲೆ? ಮೇಕರ್-ಚೆಕರ್ ಪದ್ಧತಿ ಕೊಡಿ ಅಂತ ಬ್ರಾಂಚಿನಲ್ಲಿ ಕೇಳಿ. ಒಬ್ಬರು ಪೇಮೆಂಟ್ ತುಂಬುತ್ತಾರೆ, ಇನ್ನೊಬ್ಬರು ತಮ್ಮ ಲಾಗಿನ್‌ನಿಂದ ಒಪ್ಪಿಗೆ ಕೊಡುತ್ತಾರೆ. ಫೋನಿನಲ್ಲಿ ಓಟಿಪಿ ಓದಿ ಹೇಳುವುದು ಇವತ್ತೇ ನಿಲ್ಲಲಿ.

ಇನ್ನೊಂದು ವಿಷಯ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆಗಳು ವಿದೇಶಿ ದಾನಿಗಳಿಗೆ ಮೊದಲೇ ಬರೆದು ತಿಳಿಸಿರಬೇಕು. 2020ರ ತಿದ್ದುಪಡಿ ಆದಮೇಲೆ ವಿದೇಶದ ದೇಣಿಗೆ ಬರಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. "ನಮ್ಮ ಖಾತೆ ಬದಲಾಗಿದೆ, ಇಲ್ಲಿಗೆ ಕಳಿಸಿ" ಅಂತ ನಿಮ್ಮ ಹೆಸರಿನಲ್ಲಿ ಬೇರೆ ಬ್ಯಾಂಕಿನ ನಂಬರ್ ಹೋದರೆ ಅದು ಮೋಸ ಅಂತ ದಾನಿಗಳಿಗೇ ಗೊತ್ತಾಗುತ್ತದೆ.

ಸರ್ವರ್_ಮೈಸೂರು:

ಬ್ಯಾಂಕ್ ಮುಖ್ಯ, ಒಪ್ಪುತ್ತೇನೆ. ಆದರೆ ನಾನಾಗಿದ್ದರೆ ಇಮೇಲ್‌ನಿಂದ ಶುರು ಮಾಡುತ್ತಿದ್ದೆ. ಅದು ಕಳ್ಳರ ಕೈಗೆ ಹೋದರೆ ಫೇಸ್‌ಬುಕ್ ಪೇಜ್, ವೆಬ್‌ಸೈಟ್, ಡ್ರೈವ್ ಎಲ್ಲದರ ಪಾಸ್‌ವರ್ಡನ್ನೂ ಅಲ್ಲಿಂದಲೇ ಬದಲಾಯಿಸಿಬಿಡಬಹುದು. ಮೇಲೆ ಹೇಳಿದ ಸೋಲಾರ್ ಕಥೆ ಶುರುವಾದದ್ದೂ ಇಮೇಲ್‌ನಿಂದಲೇ ಅಲ್ವಾ?

ಹಂಚಿಕೊಂಡ ಜಿಮೇಲ್ ಬಿಡಿ. ನೋಂದಾಯಿತ ಸಂಸ್ಥೆಗಳಿಗೆ ಗೂಗಲ್ ತನ್ನ ವರ್ಕ್‌ಸ್ಪೇಸ್ (ಸಂಸ್ಥೆಯ ಹೆಸರಿನ ಇಮೇಲ್, ಡ್ರೈವ್ ಇತ್ಯಾದಿ) ಅನ್ನು ಪುಕ್ಕಟೆ ಕೊಡುತ್ತದೆ, ಟ್ರಸ್ಟ್‌ನ ದಾಖಲೆ ಕೊಟ್ಟು ಅರ್ಜಿ ಹಾಕಬೇಕು. ಆಗ ಪ್ರತಿಯೊಬ್ಬರಿಗೂ ಬೇರೆ ಬೇರೆ ಐಡಿ ಸಿಗುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಅವರ ಖಾತೆ ನಿಲ್ಲಿಸಬಹುದು. ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತ್ರಿ ಕೇಳುವುದು) ಅಡ್ಮಿನ್ ಎಲ್ಲರಿಗೂ ಕಡ್ಡಾಯ ಮಾಡಬಹುದು. ಅಧ್ಯಕ್ಷರಿಗೂ! ದಯವಿಟ್ಟು ಅವರಿಗೆ ವಿನಾಯಿತಿ ಕೊಡಬೇಡಿ, ಕಳ್ಳರಿಗೆ ಬೇಕಾದದ್ದು ಅವರದ್ದೇ ಖಾತೆ. ಆದರೆ ಇದಕ್ಕೆ ನಿಮ್ಮದೇ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಕೈಯಲ್ಲಿರಬೇಕು, ಹಾಗಾಗಿ ವೆಬ್‌ಸೈಟ್ ಮಾಡಿಕೊಟ್ಟವರನ್ನು ಹೇಗಾದರೂ ಹುಡುಕಿ ಡೊಮೇನನ್ನು ಟ್ರಸ್ಟ್ ಹೆಸರಿಗೆ ಬರೆಸಿಕೊಳ್ಳಿ. ಅವಧಿ ಮುಗಿದ ಡೊಮೇನನ್ನು ಯಾರು ಬೇಕಾದರೂ ಕೊಳ್ಳಬಹುದು. ಆಮೇಲೆ ನಿಮ್ಮ ವಿಳಾಸದಲ್ಲೇ ಬೇರೆಯವರ ಕ್ಯೂಆರ್ ಕೋಡ್ ಇಟ್ಟು ದೇಣಿಗೆ ಕೇಳಬಹುದು.

ಸಾಫ್ಟ್‌ವೇರ್ ಅಪ್‌ಡೇಟ್‌ಗಳನ್ನೂ ಸಮಯಕ್ಕೆ ಹಾಕಿಕೊಳ್ಳಿ, ಸುಮ್ನೆ ಹೇಳುತ್ತಿಲ್ಲ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳಿಗೆ 2021ರ ನವೆಂಬರ್ 9ರಂದು ಯಾರೋ ನುಗ್ಗಿದರು. ಗೊತ್ತಾದದ್ದು 2022ರ ಜನವರಿ 18ಕ್ಕೆ. ಯುದ್ಧದಲ್ಲಿ ಮನೆಯವರಿಂದ ದೂರವಾದವರು, ಕಾಣೆಯಾದವರು, ಬಂಧನದಲ್ಲಿರುವವರು, ಇಂಥ 5,15,000ಕ್ಕೂ ಹೆಚ್ಚು ಜನರ ಮಾಹಿತಿ ಅಲ್ಲಿತ್ತು. ಒಂದು ಸಾಫ್ಟ್‌ವೇರ್‌ನಲ್ಲಿದ್ದ ದೋಷಕ್ಕೆ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಬಂದಿತ್ತು, ಸಮಯಕ್ಕೆ ಹಾಕಿರಲಿಲ್ಲ. ಇದನ್ನು ಅವರೇ ಬಹಿರಂಗವಾಗಿ ಬರೆದರು, ಅದಕ್ಕೆ ನನಗೆ ಅವರ ಮೇಲೆ ಗೌರವ ಇದೆ.

ನಿಮ್ಮ ಆಫೀಸಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಇದೆಯಾ ನೋಡಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲ, ಅಂದರೆ ಮಾಮೂಲಿಯಾಗಿ ಬರುತ್ತಿದ್ದ ಅಪ್‌ಡೇಟ್, ನಿಲ್ಲಿಸಿತು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಕ್ರ್ಯಾಕ್ ಮಾಡಿದ (ಕಳ್ಳ) ಪ್ರತಿ ಇದ್ದರೆ ತೆಗೆದುಹಾಕಿ, ಅಂಥ ಕಡೆಯಿಂದಲೇ ವೈರಸ್ ಜಾಸ್ತಿ ಬರುವುದು. ಬ್ಯಾಕಪ್ ತೆಗೆದ ಹಾರ್ಡ್‌ಡಿಸ್ಕನ್ನು ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಬಿಡಬೇಡಿ, ರಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಬಂದರೆ ಅದೂ ಲಾಕ್ ಆಗುತ್ತದೆ.

ರಾಯಚೂರು_ಸಂಘದವಳು:

ದುಡ್ಡು, ಇಮೇಲ್ ಸರಿ. ನನಗೆ ಹೊಟ್ಟೆ ಉರಿಯುವುದು ಆ ಆಧಾರ್ ಫೋಟೋಗಳ ಬಗ್ಗೆ. "ಕದಿಯೋಕೆ ಏನಿದೆ" ಅನ್ನುವ ಮಾತಿಗೆ ಅದೇ ಉತ್ತರ. ನಮ್ಮನ್ನು ನಂಬಿ ಆ ಹೆಣ್ಣುಮಕ್ಕಳು ಆಧಾರ್, ಪಾಸ್‌ಬುಕ್, ಫೋನ್ ನಂಬರ್ ಕೊಟ್ಟಿದ್ದಾರೆ. ಅವರ ಹೆಸರಿನಲ್ಲಿ ಯಾರೋ ಸಿಮ್ ತೆಗೆದರೆ, ಸಾಲ ಎತ್ತಿದರೆ, ಕೂಲಿ ಬಿಟ್ಟು ಠಾಣೆಗೆ, ಬ್ಯಾಂಕಿಗೆ ಅಲೆಯುವವರು ಅವರೇ. ಟ್ರಸ್ಟಿಗಳಲ್ಲ.

ಗ್ರೂಪಿನಲ್ಲಿರುವ ಫೋಟೋಗಳನ್ನು ಎಲ್ಲರ ಮೊಬೈಲಿನಿಂದ ಅಳಿಸಿ, ಗ್ಯಾಲರಿಯಲ್ಲೂ ಉಳಿದಿರುತ್ತವೆ, ಅಲ್ಲೂ ನೋಡಿ. ಇನ್ನು ಮೇಲೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಿ. ನಿಜವಾಗಿ ಬೇಕಿಲ್ಲದಿದ್ದರೆ ಅದನ್ನೂ ಕೇಳಬೇಡಿ. ಫೀಲ್ಡ್ ಸಿಬ್ಬಂದಿಯ ವಾಟ್ಸಾಪ್‌ಗೆ ಪಿನ್ ಹಾಕಿಸಿ. ಮದುವೆ ಆಮಂತ್ರಣ, ಟ್ರಾಫಿಕ್ ದಂಡ ಅಂತ ಬರುವ ಎಪಿಕೆ ಫೈಲ್ (ಮೊಬೈಲಿನಲ್ಲಿ ಆ್ಯಪ್ ಕೂರಿಸುವ ಫೈಲ್) ಒತ್ತಬಾರದು ಅಂತ ಸಂಘದ ಸಭೆಯಲ್ಲೇ ಹೇಳಿ. ನಾವು ಹೇಳಿದ್ದನ್ನು ಅವರು ಮನೆಗೆ ಹೋಗಿ ಮಕ್ಕಳಿಗೂ ಹೇಳುತ್ತಾರೆ.

ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸೇವಾ ಸಂಸ್ಥೆ ಅಂತ ಅದರಲ್ಲಿ ಬಿಟ್ಟಿಲ್ಲ. ಸಂಜೆ ಪಾಠದ ಮಕ್ಕಳು 18ರ ಒಳಗಿನವರು, ಅವರ ಮಾಹಿತಿಗೆ ನಿಯಮ ಇನ್ನೂ ಬಿಗಿ.

ಕೊಪ್ಪಳದ_ಕಾರ್ಯಕರ್ತೆ:

ಎಲ್ಲರಿಗೂ ಧನ್ಯವಾದ. ರಾಯಚೂರಿನ ಅಕ್ಕ ಬರೆದದ್ದನ್ನು ಅಧ್ಯಕ್ಷರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಧಾರ್ ವಿಷಯ ಈ ವಾರವೇ ಮುಗಿಸಿ" ಅಂದರು. ಆದರೆ ಬ್ಯಾಂಕಿನ ವಿಷಯದಲ್ಲಿ ಅವರಿಗೆ ಹಿಂಜರಿಕೆ ಇದೆ. ಓಟಿಪಿ ತಮ್ಮ ಹತ್ತಿರ ಇದ್ದರೇ ಹಿಡಿತ ಇರುತ್ತದೆ ಅನ್ನುತ್ತಾರೆ. ಮತ್ತೆ, ದುಡ್ಡು ಹೋಗಿಯೇಬಿಟ್ಟರೆ ಮೊದಲು ಯಾರಿಗೆ ಹೇಳಬೇಕು?

ಲೆಕ್ಕಪತ್ರ_ಬೆಳಗಾವಿ:

ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಜೊತೆಗೇ ಬ್ಯಾಂಕಿಗೆ. ಕಮಿಟಿ ಕರೆದು ಚರ್ಚೆ ಮಾಡುತ್ತಾ ಕೂರಬೇಡಿ, ಕಳ್ಳರು ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ, ಅದಕ್ಕೆ ಮೊದಲು ತಡೆ ಹಾಕಿಸಬೇಕು. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಿ. ಆ ಇಮೇಲ್, ಮೆಸೇಜ್ ಅಳಿಸಬೇಡಿ.

ಅಧ್ಯಕ್ಷರಿಗೆ ಹೀಗೆ ಹೇಳಿ ನೋಡಿ. ಈಗ ಅವರು ಕೊಡುತ್ತಿರುವುದು ಬರೀ ಓಟಿಪಿ. ಅದು ಯಾರ ಖಾತೆಗೆ, ಎಷ್ಟು ಹಣಕ್ಕೆ ಅಂತ ಫೋನಿನಲ್ಲಿ ಕೇಳಿದ್ದನ್ನೇ ನಂಬಬೇಕು. ಅವರೇ ಚೆಕರ್ ಆದರೆ ಹಣ ಪಡೆಯುವವರ ಹೆಸರು, ಖಾತೆ, ಮೊತ್ತ ಕಣ್ಣಾರೆ ನೋಡಿ ಒಪ್ಪಿಗೆ ಒತ್ತುತ್ತಾರೆ. ಹಿಡಿತ ಈಗಿಗಿಂತ ಜಾಸ್ತಿಯೇ. ಅವರು ಊರಲ್ಲಿಲ್ಲದಾಗ ಖಜಾಂಚಿಯವರು ಎರಡನೇ ಚೆಕರ್ ಆಗಿರಲಿ.

ಬ್ಯಾಂಕಿನವರು ಠರಾವು ಕೇಳುತ್ತಾರೆ. ಅದರಲ್ಲಿ ಇಷ್ಟು ಬರೆಸಿ: "ನೆಟ್ ಬ್ಯಾಂಕಿಂಗ್ ಮೂಲಕ ಮಾಡುವ ಪ್ರತಿ ಪಾವತಿಗೂ ಇಬ್ಬರ ಒಪ್ಪಿಗೆ ಕಡ್ಡಾಯ. ಹೊಸ ಖಾತೆಗೆ ಹಣ ಹಾಕುವ ಮೊದಲು, ಅಥವಾ ಯಾರದೇ ಖಾತೆಯ ವಿವರ ಬದಲಾಗಿದೆ ಎಂದು ತಿಳಿಸಿದಾಗ, ಕಚೇರಿಯಲ್ಲಿ ಮೊದಲೇ ಬರೆದಿಟ್ಟ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಹೀಗೆ ಕೇಳಿದ್ದಕ್ಕಾಗಿ, ಪಾವತಿ ತಡೆಹಿಡಿದಿದ್ದಕ್ಕಾಗಿ ಯಾವ ಸಿಬ್ಬಂದಿಯ ಮೇಲೂ ಕ್ರಮ ಕೈಗೊಳ್ಳುವಂತಿಲ್ಲ, ಕೇಳಿದ್ದು ಅಧ್ಯಕ್ಷರನ್ನೇ ಆಗಿದ್ದರೂ."