ದೊಡ್ಡ ಬಲ್ಬಿನ ವಿಚಾರಕ್ಕೆ ಮಾವನ ಉತ್ತರ

ಅಳಿಯಾ, ಹಳೆಯ ಮಾರುತಿ 800ರ ಹೆಡ್‌ಲೈಟಿಗೆ 100/90 ವಾಟಿನ (ದೂರದ ಬೆಳಕು ಹೈಬೀಮಿಗೆ 100, ಹತ್ತಿರದ ಲೋಬೀಮಿಗೆ 90) ಬಲ್ಬುಗಳನ್ನು ನೀನೇ ಹಾಕಿದ ಮೇಲೆ ಸ್ಟಿಯರಿಂಗಿನ ಬಳಿಯ ಸ್ವಿಚ್ಚು ಬಿಸಿಯಾಗುತ್ತಿದೆ, ಸುಟ್ಟ ವಾಸನೆ ಬರುತ್ತಿದೆ, ಇಂದು ರಾತ್ರಿ ಮಂಗಳೂರಿಗೆ ಹೊರಡಬಹುದೇ ಎಂದು ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ನೋಡಿದೆ. ರಿಲೇ ಇಲ್ಲದೆ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದಲೇ ನಡೆದು ದೀಪದ ದೊಡ್ಡ ಕರೆಂಟನ್ನು ಬ್ಯಾಟರಿಯಿಂದ ನೇರವಾಗಿ ಹಾಯಿಸುವ ಆ ಸಾಧನವಿಲ್ಲದೆ, ಆ ಬಲ್ಬು ಹಾಕಲೇಬಾರದು.

ಆ ಕಾರಿನ ಚರಿತ್ರೆಯನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಅದು ನನ್ನ ಕೈಯಲ್ಲಿದ್ದಾಗ, ಆಟಿ ತಿಂಗಳ ಮಳೆಗೆ ದಾರಿ ಕಾಣುವುದಿಲ್ಲವೆಂದು ಮಂಗಳೂರಿನ ಒಂದು ಅಂಗಡಿಗೆ ಕೊಂಡುಹೋದೆ. ರಿಲೇ ಬೇಡವೇ ಎಂದು ನಾನು ಕೇಳಿಯೇ ಇದ್ದೆ. "ಏನೂ ಆಗುವುದಿಲ್ಲ ಮಾಷ್ಟ್ರೇ" ಎಂದು ಆತ ಇದೇ ಅಳತೆಯ ಬಲ್ಬುಗಳನ್ನು ಸಿಕ್ಕಿಸಿ ಹಣ ಎಣಿಸಿಕೊಂಡ. ಕುಂಬಳೆಯವರೆಗೆ ಬೆಳಕು ಹಗಲಿನಂತೆಯೇ ಇತ್ತು. ಸೀತಾಂಗೋಳಿ ದಾಟಿ ನೀರ್ಚಾಲಿನತ್ತ ಬರುವಾಗ ಮೊದಲು ಪ್ಲಾಸ್ಟಿಕ್ ಕರಗಿದ ನಾತ ಬಂತು. ಡಿಮ್ ಮಾಡಲು ಕೈಯಿಟ್ಟರೆ ಸ್ವಿಚ್ಚಿನ ಕಡ್ಡಿ ಬುಡದಲ್ಲಿ ಮೆತ್ತಗಾಗಿ ಅಲುಗಾಡುತ್ತಿತ್ತು. ಸ್ಟಿಯರಿಂಗಿನ ಅಡಿಯಿಂದ ನೂಲಿನಂತೆ ಹೊಗೆ ಎದ್ದು, ಎರಡು ದೀಪಗಳೂ ಒಮ್ಮೆಲೇ ಆರಿದವು. ಒಂದು ಬದಿ ತೋಡು, ಇನ್ನೊಂದು ಬದಿ ಧರೆ, ಮೇಲಿನಿಂದ ಮಳೆ. ಹೇಗೋ ನಿಲ್ಲಿಸಿ, ಸೀಟಿನಡಿಯ 10ನೇ ನಂಬರಿನ ಸ್ಪ್ಯಾನರು ತಡಕಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ ಮೇಲೆಯೇ ಹೊಗೆ ನಿಂತಿತು. ಮರುದಿನ ಕವಚ ತೆಗೆದು ನೋಡಿದರೆ ತಂತಿಗಳ ಮೇಲಿನ ಹೊದಿಕೆ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು.

ಕಾರಣ ಸರಳ. ಕಂಪೆನಿಯ 60 ವಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ, 100 ವಾಟಿನವು ಸುಮಾರು 17 ಆಂಪಿಯರ್ ಎಳೆಯುತ್ತವೆ, ಮತ್ತು ಅಷ್ಟೂ ಕರೆಂಟು ಹಳೆಯ ಸಪೂರ ತಂತಿಯಲ್ಲಿ, ಆ ಸಣ್ಣ ಸ್ವಿಚ್ಚಿನ ಮೂಲಕವೇ ಹಾದುಹೋಗಬೇಕು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ರಿಲೇ ಇಲ್ಲದೆ ದೊಡ್ಡ ಬಲ್ಬು ಬೇಡ.

ಆ ರಾತ್ರಿ ಕಾರಿನಲ್ಲಿದ್ದವರು ಯಾರೆಂದು ಈ ಗುಂಪಿನಲ್ಲಿರುವವರಿಗೆ ನೆನಪಿರಬಹುದು. ಹಿಂದಿನಿಂದ ಬಂದ ಜೀಪು ಹತ್ತಿ ಎಲ್ಲರೂ ಮನೆ ಸೇರಿದರು. ಕಾರಿನೊಂದಿಗೆ ಮಳೆಯಲ್ಲಿ ಉಳಿದವನು ನಾನೊಬ್ಬನೇ. ಮದುವೆಗೆ, ಬಾಣಂತಿಯನ್ನು ಕರೆತರಲು, ಅಡಿಕೆ ಮೂಟೆ ಸಾಗಿಸಲು ಆ ಕಾರು ಎಲ್ಲರಿಗೂ ಬೇಕಿತ್ತು. 15 ವರ್ಷ ತುಂಬಿ ನೋಂದಣಿ ನವೀಕರಿಸುವ ಖರ್ಚು ಬಂದಾಗ ಮಾತ್ರ "ಗುಜರಿಗೆ ಹಾಕಿ" ಎಂಬ ಸಲಹೆ ಧಾರಾಳವಾಗಿ ಬಂತು, ಹಣ ಬರಲಿಲ್ಲ. ನಿನ್ನ ಅಪ್ಪನನ್ನು ಉದ್ದೇಶಿಸಿ ಹೇಳುತ್ತಿಲ್ಲ, ಆದರೆ ಅವರೂ ಓದಲಿ.

ನೀನು ಕೇಳಿದ್ದು ಇಂದಿನ ಪ್ರಯಾಣದ ವಿಚಾರ, ಅದೇ ಬಿಟ್ಟುಹೋಯಿತು. ಆ ಕಾರಿನಲ್ಲಿ ಇಂದು ಹೊರಡಬೇಡ, ರೈಲಿನಲ್ಲಿ ಹೋಗು. ಈಗಲೇ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡು. ನಾಳೆ ಹಗಲು ಹಳೆಯ 60/55 ಬಲ್ಬುಗಳನ್ನೇ ಮರಳಿ ಹಾಕು. ಗಾಜಿಗೆ ಬರಿಗೈ ತಾಗದಿರಲಿ, ಬೆರಳಿನ ಜಿಡ್ಡು ಹಿಡಿದ ಹ್ಯಾಲೊಜೆನ್ ಬಲ್ಬು ಬೇಗ ಹೋಗುತ್ತದೆ. ಸ್ವಿಚ್ಚಿನ ಕನೆಕ್ಟರು ಕಂದಿದ್ದರೆ ಅದನ್ನೂ ಬದಲಿಸಬೇಕು. ಬೆಳಕು ಮಂಕಾಗಲು ಹೆಚ್ಚಾಗಿ ತುಕ್ಕು ಹಿಡಿದ ಅರ್ತ್, ಅಂದರೆ ದೀಪದ ತಂತಿ ಕಾರಿನ ಬಾಡಿಗೆ ಕೂಡುವ ಜಾಗವೇ ಕಾರಣ. ಅದನ್ನು ಉಜ್ಜಿ, ಹೈಬೀಮಿಗೊಂದು ಲೋಬೀಮಿಗೊಂದು ರಿಲೇ ಇಟ್ಟು, ಬ್ಯಾಟರಿಯಿಂದ ದಪ್ಪ ತಂತಿ ಎಳೆದರೆ ಅದೇ ಬಲ್ಬು ಸಾಕಷ್ಟು ಉರಿಯುತ್ತದೆ. ಫ್ಯೂಸು ಬ್ಯಾಟರಿಯ ಪಕ್ಕದಲ್ಲಿಯೇ ಇರಲಿ.