ಸಹಾಯ ಬೇಕು: ಪಳ್ಳಕ್ಕೆ, ಬತ್ತುವ ತೋಡಿಗೆ ಸರಿಯಾದ ಇಂಗ್ಲಿಷ್ ಪದ

ಕಾಸರಗೋಡಿನ ಮುರಕಲ್ಲು (ಲ್ಯಾಟರೈಟ್) ಪಾರೆಗಳ, ಅಂದರೆ ಬಯಲು ಬಂಡೆನೆಲಗಳ ಬಗೆಗಿನ ಬರಹವೊಂದು ಇಂಗ್ಲಿಷಿಗೆ ಹೋಗಬೇಕು. ಎರಡು ಪದ ಸಿಗುತ್ತಿಲ್ಲ.

ಮೊದಲನೆಯದು ಪಳ್ಳ. ಪಾರೆಯ ತಗ್ಗಿನಲ್ಲಿ ಮಳೆನೀರು ನಿಂತು, ಬೇಸಗೆಗೆ ಬತ್ತಿ, ತಳದ ಕೆಸರು ಬಿರುಕು ಬಿಡುತ್ತದಲ್ಲ, ಅದು. ‘ಪಾಂಡ್’ ಅಂದರೆ ಬತ್ತುವ ಸಂಗತಿಯೇ ಹೋಯಿತು. ‘ಟಾರ್ನ್’ ಕೇಳಲು ಚಂದ, ಆದರೆ ಅದು ಹಿಮನದಿ ಕೊರೆದ ಬೆಟ್ಟದ ಕೊಳ. ‘ವರ್ನಲ್ ಪೂಲ್’ನಲ್ಲಿ ವಸಂತ ಕೂತಿದೆ, ನಮ್ಮ ಪಳ್ಳ ಆ ಹೊತ್ತಿಗೆ ಒಣಗಿರುತ್ತದೆ. ಐರ್ಲೆಂಡಿನ ‘ಟರ್ಲಾಖ್’ ಹತ್ತಿರ ಬರುತ್ತದೆ, ಆದರೆ ಅಲ್ಲಿ ನೀರು ಸುಣ್ಣಕಲ್ಲಿನ ಅಡಿಯಿಂದ ಉಕ್ಕುವುದು.

ಎರಡನೆಯದು, ಮಳೆಗಾಲ ಕಳೆದರೆ ಬತ್ತುವ ತೋಡು, ಅಂದರೆ ಸಣ್ಣ ಹಳ್ಳ. ‘ವಿಂಟರ್‌ಬೋರ್ನ್’ ಹರಿಯುವುದು ಚಳಿಗಾಲದಲ್ಲಿ, ಹಾಗಾಗಿ ಒಗ್ಗುವುದಿಲ್ಲ.

ಎತ್ತರದ ಬರೆಗಳ (ಮಣ್ಣಿನ ದಂಡೆಗಳ) ನಡುವಿನ ಓಣಿಗೆ ‘ಹಾಲೋವೇ’, ಗುಡ್ಡೆಗೆ ಅಡ್ಡಲಾಗಿ ಕೊರೆದ ನೀರಿನ ಸುರಂಗಕ್ಕೆ ‘ಆ್ಯಡಿಟ್’ ಸಾಕಾದೀತು. 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಕಟ್ಟಿದ ‘ಪೆಟ್ರಿಕೋರ್’ ಒಣನೆಲದ ಮೊದಲ ಮಳೆಯ ವಾಸನೆಗೆ ಮಾತ್ರ. ಮಳೆಗಾಲದ ನಡುವಿನ ಆಟಿ ತಿಂಗಳ ಮಳೆಗೆ ಹಾಕಿದರೆ ತಪ್ಪು.

ಪದ ಸೂಚಿಸುವವರು ಅದು ಯಾವ ಸೀಮೆಯ, ಎಂಥ ನೆಲದ ಪದ ಎಂದೂ ದಯವಿಟ್ಟು ತಿಳಿಸಿ. ಬರೀ ಸಮಾನಾರ್ಥಕಗಳ ಪಟ್ಟಿಯಿಂದ ಕೆಲಸವಾಗದು. ಯಾವುದೂ ಹೊಂದದಿದ್ದರೆ ‘ಪಳ್ಳ’ವನ್ನೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಟ್ಟರೆ ಸಾಕೇ?